ಒಳಗಿನಿಂದ ತೆಗೆಯುವ ಚಿತ್ರ: ವಿಕಿರಣಶೀಲ ಔಷಧದ ಸ್ಕ್ಯಾನ್ ಎಂದರೇನು?

ನಮ್ಮ ಸದಸ್ಯರ ಕುಟುಂಬಗಳಲ್ಲಿ ಸ್ಕ್ಯಾನ್ ಎಂಬ ಮಾತು ಈಗ ಹೊಸದಲ್ಲ. ಹೊಟ್ಟೆಯ ಸ್ಕ್ಯಾನ್, ತಲೆಯ ಸ್ಕ್ಯಾನ್ ಮಾಡಿಸಿಕೊಂಡು ಬಂದವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಆದರೆ ವೈದ್ಯರು ಬೋನ್ ಸ್ಕ್ಯಾನ್, ಥೈರಾಯ್ಡ್ ಸ್ಕ್ಯಾನ್ ಅಥವಾ ಪೆಟ್ ಸ್ಕ್ಯಾನ್ ಮಾಡಿಸಬೇಕೆಂದು ಚೀಟಿ ಬರೆದುಕೊಟ್ಟಾಗ, ಅದಕ್ಕಾಗಿ ವಿಕಿರಣಶೀಲ ವಸ್ತುವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ ಎಂದು ತಿಳಿದೊಡನೆ ಮನೆಯವರೆಲ್ಲ ಹಿಂಜರಿಯುವುದುಂಟು. ಕಾಫಿ ಕೊಯ್ಲು ಮುಗಿಯಲಿ, ಅಡಿಕೆ ಸುಲಿತ ಮುಗಿಯಲಿ, ಆಮೇಲೆ ನೋಡೋಣ ಎಂದು ದಿನ ದೂಡುವುದೂ ಉಂಟು. ಹೀಗೆ ದೂಡಿದ ಎರಡು ಮೂರು ತಿಂಗಳು ಕೆಲವು ರೋಗಗಳಲ್ಲಿ ಬಹಳ ದುಬಾರಿಯಾಗುತ್ತದೆ. ಈ ಪರೀಕ್ಷೆ ಏನು, ಅದರಿಂದ ಏನು ತಿಳಿಯುತ್ತದೆ, ಎಷ್ಟು ಹೆದರಬೇಕು, ಹೋಗುವ ಮುನ್ನ ಏನು ಸಿದ್ಧತೆ ಬೇಕು ಎಂಬುದನ್ನು ಸದಸ್ಯ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಕಾರ ಬೇರೆ, ಕೆಲಸ ಬೇರೆ

ಎಕ್ಸ್‌ರೇ ಮತ್ತು ಸಿ.ಟಿ. ಸ್ಕ್ಯಾನುಗಳಲ್ಲಿ ಕಿರಣ ಹೊರಗಿನಿಂದ ಬರುತ್ತದೆ. ಯಂತ್ರದಿಂದ ಹೊರಟ ಕಿರಣವನ್ನು ಮೂಳೆಯಂತಹ ಗಟ್ಟಿ ಭಾಗ ತಡೆಯುತ್ತದೆ, ಮೆತ್ತಗಿನ ಭಾಗ ಹಾದುಹೋಗಲು ಬಿಡುತ್ತದೆ. ದೊರೆಯುವುದು ಒಂದು ಬಗೆಯ ನೆರಳಿನ ಚಿತ್ರ. ಅಂಗದ ಆಕಾರ ಹೇಗಿದೆ, ಎಲ್ಲಿ ಮುರಿದಿದೆ, ಎಲ್ಲಿ ಗಡ್ಡೆ ಎದ್ದಿದೆ ಎಂಬುದು ಅದರಲ್ಲಿ ಕಾಣುತ್ತದೆ. ಆದರೆ ಆ ಅಂಗ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆಯೇ ಎಂಬುದನ್ನು ನೆರಳು ಅಷ್ಟಾಗಿ ಹೇಳಲಾರದು.

ಬಿಳಿ ಕಾಂಡಕೊರಕದ ಹಾವಳಿ ಕಂಡ ಕಾಫಿ ಬೆಳೆಗಾರರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಿಹುಳು ಕಾಂಡದೊಳಗೆ ಕೊರೆಯಲು ಆರಂಭಿಸಿದ ದಿನಗಳಲ್ಲಿ ಗಿಡ ಹೊರನೋಟಕ್ಕೆ ಹಸಿರಾಗಿಯೇ ಇರುತ್ತದೆ. ಎಲೆ ಹಳದಿಯಾಗಿ ಗಿಡ ಸೊರಗುವ ಹೊತ್ತಿಗೆ ಒಳಗಿನ ಹಾನಿ ಬಹಳ ಮುಂದುವರಿದಿರುತ್ತದೆ. ದೇಹದಲ್ಲಿಯೂ ಹಾಗೆಯೇ. ಅನೇಕ ರೋಗಗಳಲ್ಲಿ ಅಂಗದ ಕೆಲಸ ಮೊದಲು ಕೆಡುತ್ತದೆ, ಆಕಾರ ಆಮೇಲೆ ಕೆಡುತ್ತದೆ. ಕೆಲಸವನ್ನು ನೋಡುವ ಚಿತ್ರ ಬೇಕಾದರೆ ದೀಪವನ್ನು ಹೊರಗೆ ಹಿಡಿದರೆ ಸಾಲದು, ಒಳಗೆ ಇಡಬೇಕು. ನ್ಯೂಕ್ಲಿಯರ್ ಮೆಡಿಸಿನ್ ಎಂಬ ವೈದ್ಯಶಾಖೆ ಮಾಡುವುದು ಇದನ್ನೇ.

ಜಾಡು ಹಿಡಿಯುವ ವಿದ್ಯೆ

ತೋಟದ ಬಸಿಗಾಲುವೆಯ ನೀರು ಎಲ್ಲೋ ಇಂಗಿ ಇನ್ನೆಲ್ಲೋ ಜಿನುಗುತ್ತಿದ್ದರೆ, ಮೇಲೆ ಬಣ್ಣ ಕಲಸಿ ಬಿಟ್ಟು ಕೆಳಗೆ ಎಲ್ಲಿ ಬರುತ್ತದೆಂದು ಕಾದು ನೋಡಬಹುದು. ಬಣ್ಣ ನೀರಿನ ಹರಿವನ್ನು ಬದಲಿಸುವುದಿಲ್ಲ, ಅದರ ಜಾಡನ್ನು ಮಾತ್ರ ತೋರಿಸುತ್ತದೆ. ವಿಕಿರಣಶೀಲ ಜಾಡುದ್ರವ್ಯವೂ ಅಂತಹುದೇ ಬಣ್ಣ. ಅದು ಕಣ್ಣಿಗೆ ಕಾಣದು, ಆದರೆ ಉಪಕರಣಕ್ಕೆ ಕಾಣುತ್ತದೆ.

ಈ ವಿದ್ಯೆಗೆ ತಳಹದಿ ಹಾಕಿದವರು ಹಂಗೆರಿಯಲ್ಲಿ ಹುಟ್ಟಿದ ವಿಜ್ಞಾನಿ ಜಾರ್ಜ್ ಹೆವೆಶಿ. ಅವರು 1911ರ ಸುಮಾರಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಊಟದ ವ್ಯವಸ್ಥೆಯಿದ್ದ ಮನೆಯೊಂದರಲ್ಲಿ ಬಾಡಿಗೆಗಿದ್ದಾಗಿನ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಮನೆಯೊಡತಿ ತಟ್ಟೆಯಲ್ಲಿ ಉಳಿದದ್ದನ್ನೇ ಮತ್ತೆ ಬೇಯಿಸಿ ಬಡಿಸುತ್ತಾರೆಂಬ ಗುಮಾನಿ ಅವರಿಗಿತ್ತು. ಒಂದು ದಿನ ಉಳಿದ ಊಟದಲ್ಲಿ ತುಸು ವಿಕಿರಣಶೀಲ ವಸ್ತುವನ್ನು ಬೆರೆಸಿಟ್ಟರು. ಕೆಲವು ದಿನಗಳ ನಂತರ ಬಂದ ಖಾದ್ಯದ ಬಳಿ ಉಪಕರಣ ಹಿಡಿದರೆ ಅದು ವಿಕಿರಣ ತೋರಿಸಿತಂತೆ!

ನಮ್ಮಂತಹ ಬೆಳೆಗಾರರಿಗೆ ಇನ್ನೂ ಹೆಚ್ಚು ಹಿಡಿಸುವ ಸಂಗತಿಯೆಂದರೆ, ಜೀವಿಯೊಂದರಲ್ಲಿ ಹೆವೆಶಿಯವರು ಮೊದಲು ಜಾಡು ಹಿಡಿದದ್ದು ಮನುಷ್ಯನಲ್ಲಿ ಅಲ್ಲ, ಗಿಡದಲ್ಲಿ. 1923ರಲ್ಲಿ ಅವರೆಯ ಬಳಗದ ಒಂದು ಗಿಡದ ಬೇರನ್ನು ವಿಕಿರಣಶೀಲ ಸೀಸದ ದ್ರಾವಣದಲ್ಲಿಟ್ಟು, ಅದು ಬೇರಿನಲ್ಲಿ ಎಷ್ಟು ನಿಲ್ಲುತ್ತದೆ, ಕಾಂಡಕ್ಕೂ ಎಲೆಗೂ ಎಷ್ಟು ಏರುತ್ತದೆ ಎಂದು ಅಳೆದರು. ಮುಂದೆ 1935ರಲ್ಲಿ ಇಲಿಗಳಿಗೆ ವಿಕಿರಣಶೀಲ ರಂಜಕವನ್ನು ಕೊಟ್ಟು, ಮೂಳೆಯಲ್ಲಿರುವ ರಂಜಕ ಸದಾ ಬದಲಾಗುತ್ತಿರುತ್ತದೆ ಎಂದು ತೋರಿಸಿದರು. ಮೂಳೆಯೆಂದರೆ ಒಮ್ಮೆ ಕಟ್ಟಿ ಮುಗಿಸಿದ ಕಲ್ಲುಗೋಡೆಯಲ್ಲ, ದಿನವೂ ಅಷ್ಟಷ್ಟು ಕೆಡವಿ ಮತ್ತೆ ಕಟ್ಟುತ್ತಿರುವ ಕಟ್ಟಡ ಎಂಬುದು ಇದರಿಂದ ತಿಳಿಯಿತು. ಈ ಕೆಲಸಕ್ಕಾಗಿ ಅವರಿಗೆ 1943ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಗಿಡಗಳ ಬೇರು ಎಷ್ಟು ಆಳದಿಂದ, ಎಷ್ಟು ದೂರದಿಂದ ಆಹಾರ ಎಳೆಯುತ್ತದೆ ಎಂದು ತಿಳಿಯಲು ಕೃಷಿ ವಿಜ್ಞಾನಿಗಳೂ ಇದೇ ವಿಕಿರಣಶೀಲ ರಂಜಕವನ್ನು ಬಳಸಿದ್ದಾರೆ.

ಔಷಧದ ಎರಡು ಭಾಗಗಳು

ಸ್ಕ್ಯಾನಿಗೆ ಕೊಡುವ ಔಷಧದಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಒಂದು, ದಾರಿ ಬಲ್ಲ ಭಾಗ. ಯಾವ ಅಂಗವನ್ನು ನೋಡಬೇಕೋ ಆ ಅಂಗ ತಾನಾಗಿಯೇ ಬರಮಾಡಿಕೊಳ್ಳುವ ರಾಸಾಯನಿಕ ಇದು. ಎರಡು, ದೀಪದ ಭಾಗ. ಗಾಮಾ ಕಿರಣವನ್ನು ಹೊರಸೂಸುವ ವಿಕಿರಣಶೀಲ ಪರಮಾಣು ಇದು. ಮೂಳೆಗೆ ರಂಜಕದ ಸಂಯುಕ್ತ, ಮೂತ್ರಪಿಂಡಕ್ಕೆ ಅದು ಸೋಸಿ ಹೊರಹಾಕುವ ವಸ್ತು, ಹೀಗೆ ಅಂಗಕ್ಕೆ ತಕ್ಕಂತೆ ಮೊದಲನೆಯ ಭಾಗ ಬದಲಾಗುತ್ತದೆ. ದೀಪ ಬಹುಪಾಲು ಪರೀಕ್ಷೆಗಳಲ್ಲಿ ಒಂದೇ. ಅದರ ಹೆಸರು ಟೆಕ್ನೀಷಿಯಂ-99ಎಂ.

ಥೈರಾಯ್ಡ್ ಗ್ರಂಥಿಯ ವಿಷಯದಲ್ಲಿ ಮಾತ್ರ ಎರಡನ್ನೂ ಒಂದೇ ವಸ್ತು ನಿರ್ವಹಿಸಬಲ್ಲದು. ಈ ಗ್ರಂಥಿ ತನ್ನ ರಸವನ್ನು ತಯಾರಿಸಲು ಅಯೋಡಿನ್ ಬೇಡುತ್ತದೆ. ವಿಕಿರಣಶೀಲ ಅಯೋಡಿನ್ ಕೊಟ್ಟರೂ ಭೇದವೆಣಿಸದೆ ಎಳೆದುಕೊಳ್ಳುತ್ತದೆ. ಟೆಕ್ನೀಷಿಯಂನ ಒಂದು ಲವಣವನ್ನೂ ಅಯೋಡಿನ್ ಎಂದೇ ಭ್ರಮಿಸಿ ಒಳಗೆ ಬಿಟ್ಟುಕೊಳ್ಳುತ್ತದೆ. ಕೊಡುವ ಪ್ರಮಾಣವಾದರೋ ಅತ್ಯಲ್ಪ. ಒಂದು ಬೋನ್ ಸ್ಕ್ಯಾನಿಗೆ ಬೇಕಾಗುವ ಟೆಕ್ನೀಷಿಯಂನ ತೂಕ ಒಂದು ಗ್ರಾಮಿನ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದುದರಿಂದ ಅದು ಅಂಗದ ಕೆಲಸವನ್ನು ನೋಡಿ ಬರುತ್ತದೆಯೇ ಹೊರತು ಕೆಲಸದಲ್ಲಿ ಕೈಹಾಕುವುದಿಲ್ಲ.

ದಾಸ್ತಾನು ಇಡಲಾಗದ ಸರಕು

ಟೆಕ್ನೀಷಿಯಂ 1937ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಕಾರ್ಲೊ ಪೆರಿಯೆ ಮತ್ತು ಎಮಿಲಿಯೊ ಸೆಗ್ರೆ ಎಂಬ ವಿಜ್ಞಾನಿಗಳು ಕಂಡುಹಿಡಿದ ಧಾತು. ಚಿತ್ರ ತೆಗೆಯಲು ಬಳಸುವ ಅದರ 99ಎಂ ರೂಪದ ಅರ್ಧಾಯುಷ್ಯ 6 ಗಂಟೆ. ಅಂದರೆ ಪ್ರತಿ 6 ಗಂಟೆಗೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. 12 ಗಂಟೆಗೆ ಕಾಲು ಭಾಗ, 24 ಗಂಟೆಗೆ ಹದಿನಾರರಲ್ಲಿ ಒಂದು ಭಾಗ ಮಾತ್ರ ಉಳಿಯುತ್ತದೆ. ರೋಗಿಯ ದೃಷ್ಟಿಯಿಂದ ಇದು ಬಹಳ ಒಳ್ಳೆಯ ಗುಣ. ಆಸ್ಪತ್ರೆಯ ದೃಷ್ಟಿಯಿಂದ ತಲೆನೋವು. ಕಾಳುಮೆಣಸಿನಂತೆ ಚೀಲ ಕಟ್ಟಿ ಇಟ್ಟು ಬೇಕಾದಾಗ ತೆಗೆಯುವ ಸರಕು ಇದಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸೊಗಸಾದುದು. ಮಾಲಿಬ್ಡಿನಮ್-99 ಎಂಬ ಇನ್ನೊಂದು ವಿಕಿರಣಶೀಲ ಧಾತುವಿನ ಅರ್ಧಾಯುಷ್ಯ 66 ಗಂಟೆ. ಅದು ಕ್ಷಯಿಸುತ್ತಾ ಬಂದಂತೆ ಟೆಕ್ನೀಷಿಯಂ ಹುಟ್ಟುತ್ತದೆ. ಮಾಲಿಬ್ಡಿನಮ್ಮನ್ನು ಸೀಸದ ಕವಚವಿರುವ ಪಾತ್ರೆಯಲ್ಲಿಟ್ಟು ಆಸ್ಪತ್ರೆಗೆ ಕಳುಹಿಸುತ್ತಾರೆ. ಬೆಳಿಗ್ಗೆ ಅದರ ಮೂಲಕ ಉಪ್ಪುನೀರನ್ನು ಹಾಯಿಸಿದರೆ ಟೆಕ್ನೀಷಿಯಂ ಮಾತ್ರ ಕರಗಿ ಬರುತ್ತದೆ, ಮಾಲಿಬ್ಡಿನಮ್ ಒಳಗೇ ನಿಲ್ಲುತ್ತದೆ. ಮರುದಿನದ ಹೊತ್ತಿಗೆ ಮತ್ತೆ ತುಂಬಿರುತ್ತದೆ. ಈ ಪಾತ್ರೆಯನ್ನು ಆಸ್ಪತ್ರೆಯವರು ಹಸು ಎಂದೂ, ಔಷಧ ತೆಗೆಯುವುದನ್ನು ಹಾಲು ಕರೆಯುವುದು ಎಂದೂ ತಮಾಷೆಯಾಗಿ ಕರೆಯುವುದು ವಾಡಿಕೆ. ಸುಮಾರು ಒಂದು ವಾರ ಕರೆದ ಮೇಲೆ ಈ ಹಸು ಬತ್ತುತ್ತದೆ, ಹೊಸದನ್ನು ತರಿಸಬೇಕು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ 1950ರ ದಶಕದ ಕೊನೆಯಲ್ಲಿ ಈ ವಿಧಾನ ರೂಪುಗೊಂಡಿತು.

ಮಾಲಿಬ್ಡಿನಮ್ ತಯಾರಾಗುವುದು ಪ್ರಪಂಚದ ಕೆಲವೇ ಪರಮಾಣು ರಿಯಾಕ್ಟರುಗಳಲ್ಲಿ. 2009ರಲ್ಲಿ ಕೆನಡಾದ ಚಾಕ್ ರಿವರ್ ರಿಯಾಕ್ಟರ್ ಕೆಟ್ಟು ಒಂದು ವರ್ಷಕ್ಕೂ ಮೇಲ್ಪಟ್ಟು ನಿಂತಾಗ ಅನೇಕ ದೇಶಗಳಲ್ಲಿ ಸ್ಕ್ಯಾನುಗಳನ್ನು ಮುಂದೂಡಬೇಕಾಯಿತು. ಬ್ರೆಜಿಲಿನಲ್ಲಿ ಹಿಮ ಬಿದ್ದರೆ ನಮ್ಮ ಕಾಫಿಯ ಧಾರಣೆ ಏರುವುದನ್ನು ಕಂಡಿರುವ ನಮಗೆ ಇಂತಹ ನಂಟು ಹೊಸದಲ್ಲ.

ಕ್ಯಾಮರಾ ಹೇಗೆ ನೋಡುತ್ತದೆ?

ದೇಹದೊಳಗಿನಿಂದ ಹೊರಬರುವ ಗಾಮಾ ಕಿರಣವನ್ನು ಹಿಡಿಯುವ ಗಾಮಾ ಕ್ಯಾಮರಾವನ್ನು ಅಮೆರಿಕದ ಬರ್ಕ್ಲಿಯಲ್ಲಿ ಹಾಲ್ ಆಂಗರ್ ಎಂಬವರು 1950ರ ದಶಕದಲ್ಲಿ ರೂಪಿಸಿದರು. ಕಿರಣಗಳು ಎಲ್ಲ ದಿಕ್ಕಿಗೂ ಚೆದರುವುದರಿಂದ ಕ್ಯಾಮರಾದ ಮುಂದೆ ಸೀಸದ ದಪ್ಪ ಫಲಕವೊಂದನ್ನು ಇಡುತ್ತಾರೆ. ಅದರ ತುಂಬ ಜೇನುಹುಟ್ಟಿನ ಕಣ್ಣುಗಳಂತೆ ಸಾವಿರಾರು ರಂಧ್ರಗಳು. ನೇರವಾಗಿ ಬಂದ ಕಿರಣ ರಂಧ್ರದಲ್ಲಿ ನುಸುಳುತ್ತದೆ, ಓರೆಯಾಗಿ ಬಂದದ್ದು ಸೀಸಕ್ಕೆ ಬಡಿದು ನಿಲ್ಲುತ್ತದೆ. ನುಸುಳಿದ ಕಿರಣ ಹಿಂದಿರುವ ಸೋಡಿಯಂ ಅಯೊಡೈಡ್ ಹರಳಿಗೆ ತಾಗಿದಾಗ ಸಣ್ಣ ಮಿಂಚೊಂದು ಹೊಳೆಯುತ್ತದೆ. ಆ ಮಿಂಚನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ, ಎಲ್ಲಿ ಎಷ್ಟು ಮಿಂಚಿತೆಂದು ಲೆಕ್ಕ ಹಾಕಿ ಕಂಪ್ಯೂಟರ್ ಚಿತ್ರ ಬಿಡಿಸುತ್ತದೆ.

ಒಂದೊಂದೇ ಚುಕ್ಕೆ ಸೇರಿ ಚಿತ್ರವಾಗಬೇಕಾದುದರಿಂದ ಹತ್ತು ನಿಮಿಷದಿಂದ ಅರ್ಧ ಗಂಟೆಯವರೆಗೆ ಅಲುಗಾಡದೆ ಮಲಗಬೇಕಾಗುತ್ತದೆ. ಈ ಯಂತ್ರ ರೋಗಿಯತ್ತ ಯಾವ ಕಿರಣವನ್ನೂ ಬಿಡುವುದಿಲ್ಲ, ಬರುವುದನ್ನು ಸ್ವೀಕರಿಸುತ್ತದೆ ಅಷ್ಟೆ. ಕ್ಯಾಮರಾ ಮೈ ಸುತ್ತ ತಿರುಗಿ ಎಲ್ಲ ಬದಿಯಿಂದಲೂ ಚಿತ್ರ ತೆಗೆದರೆ ಅದನ್ನು ಸ್ಪೆಕ್ಟ್ ಎನ್ನುತ್ತಾರೆ. ಅದರ ಜೊತೆಗೆ ಸಿ.ಟಿ. ಸೇರಿದ್ದರೆ ಮಾತ್ರ ಹೊರಗಿನಿಂದಲೂ ಕಿರಣ ಬರುತ್ತದೆ.

ಯಾವ ಅಂಗಕ್ಕೆ ಏನು ತಿಳಿಯುತ್ತದೆ?

ಥೈರಾಯ್ಡ್: ಗುಡ್ಡಗಾಡಿನ ಮಣ್ಣಿನಲ್ಲಿರುವ ಅಯೋಡಿನ್ ಮಳೆಗೆ ತೊಳೆದುಹೋಗುವುದರಿಂದ ಅಂತಹ ಪ್ರದೇಶಗಳಲ್ಲಿ ಗಳಗಂಡ ಹಿಂದಿನಿಂದಲೂ ಇರುವ ತೊಂದರೆ. ಕುತ್ತಿಗೆಯಲ್ಲಿ ಗಂಟು ಕಂಡಾಗ ಅದು ಔಷಧವನ್ನು ಎಳೆದುಕೊಂಡು ಬೆಳಗಿದರೆ ಬಿಸಿ ಗಂಟು ಎಂದೂ, ಎಳೆದುಕೊಳ್ಳದೆ ಕಪ್ಪಾಗಿ ಉಳಿದರೆ ತಣ್ಣನೆಯ ಗಂಟು ಎಂದೂ ಹೇಳುತ್ತಾರೆ. ಬಿಸಿ ಗಂಟು ಕ್ಯಾನ್ಸರ್ ಆಗಿರುವುದು ಬಹಳ ಅಪರೂಪ. ತಣ್ಣನೆಯ ಗಂಟುಗಳಲ್ಲಿಯೂ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಅವನ್ನು ಸೂಜಿ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕಾಗಬಹುದು.

ಮೂಳೆ: ಮೂಳೆಯ ಖನಿಜ ಶೇಕಡ 30ರಿಂದ 50ರಷ್ಟು ಕರಗುವವರೆಗೂ ಎಕ್ಸ್‌ರೇಯಲ್ಲಿ ದೋಷ ಕಾಣದೆ ಇರಬಹುದು. ಬೋನ್ ಸ್ಕ್ಯಾನಿನಲ್ಲಾದರೋ ಎಲ್ಲಿ ಮೂಳೆ ಕಟ್ಟುವ ಕೆಲಸ ಚುರುಕಾಗಿದೆಯೋ ಅಲ್ಲಿ ಔಷಧ ಸೇರಿ ಚುಕ್ಕೆ ಎದ್ದು ಕಾಣುತ್ತದೆ. ಸ್ತನ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದೆಯೇ ಎಂದು ಇಡೀ ದೇಹವನ್ನು ಒಮ್ಮೆಗೇ ನೋಡಲು ಇದು ಅನುಕೂಲ. ಚುಚ್ಚುಮದ್ದಿಗೂ ಚಿತ್ರಕ್ಕೂ ನಡುವೆ ಸುಮಾರು 3 ಗಂಟೆ ಕಾಯಬೇಕು.

ಮೂತ್ರಪಿಂಡ: ಎರಡು ಮೂತ್ರಪಿಂಡಗಳಲ್ಲಿ ಯಾವುದು ಶೇಕಡ ಎಷ್ಟು ಕೆಲಸ ಮಾಡುತ್ತಿದೆ, ಮೂತ್ರ ಇಳಿಯಲು ಅಡ್ಡಿಯಿದೆಯೇ ಎಂಬುದು ತಿಳಿಯುತ್ತದೆ. ಕಲ್ಲಿನಿಂದ ಕಟ್ಟಿಕೊಂಡ ಮೂತ್ರಪಿಂಡವನ್ನು ಉಳಿಸಬಹುದೇ, ತೆಗೆಯಬೇಕೇ ಎಂದು ನಿರ್ಧರಿಸುವಾಗ ಈ ಲೆಕ್ಕ ಬಹು ಮುಖ್ಯ.

ಹೃದಯ: ಆರಾಮವಾಗಿದ್ದಾಗ ಒಮ್ಮೆ, ಶ್ರಮವಾದಾಗ ಒಮ್ಮೆ ಚಿತ್ರ ತೆಗೆದು ಹೃದಯದ ಸ್ನಾಯುವಿಗೆ ಎಲ್ಲೆಲ್ಲಿ ರಕ್ತ ಕಡಿಮೆಯಾಗುತ್ತಿದೆ ಎಂದು ಹೋಲಿಸುತ್ತಾರೆ. ಓಡುವ ಪಟ್ಟಿಯ ಮೇಲೆ ನಡೆಯಲಾರದವರಿಗೆ ಹೃದಯದ ರಕ್ತನಾಳಗಳನ್ನು ಹಿಗ್ಗಿಸುವ ಔಷಧ ಕೊಡುತ್ತಾರೆ. ನಮ್ಮ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಅಂಶ ಇಲ್ಲಿದೆ. ಈ ಔಷಧ ಹೋಗಿ ಕೂರಬೇಕಾದ ಜಾಗದಲ್ಲಿ ನಾವು ಕುಡಿದ ಕಾಫಿಯ ಕೆಫೀನ್ ಮೊದಲೇ ಕುಳಿತಿರುತ್ತದೆ. ಆಗ ರಕ್ತನಾಳ ಸರಿಯಾಗಿ ಹಿಗ್ಗುವುದಿಲ್ಲ, ಅಡ್ಡಿಯಿರುವ ನಾಳವೂ ಚಿತ್ರದಲ್ಲಿ ಸರಿಯಾಗಿಯೇ ಇದೆ ಎನಿಸಿಬಿಡಬಹುದು. ಆದುದರಿಂದ ಪರೀಕ್ಷೆಗೆ ಕನಿಷ್ಠ 12 ಗಂಟೆ, ಅನೇಕ ಆಸ್ಪತ್ರೆಗಳ ಸೂಚನೆಯಂತೆ 24 ಗಂಟೆ ಮೊದಲಿನಿಂದ ಕಾಫಿ, ಚಹಾ, ಚಾಕೊಲೇಟ್, ಕೋಲಾ ಪಾನೀಯಗಳನ್ನು ಬಿಡಬೇಕು. ಬೆಳಗಿನ ಅರ್ಧ ಲೋಟ ಕಾಫಿಯಿಂದ ಏನಾದೀತು ಎಂದು ಕುಡಿದು ಹೋದರೆ ಪರೀಕ್ಷೆಯೇ ರದ್ದಾದೀತು. ಕುಡಿದದ್ದನ್ನು ಮುಚ್ಚಿಟ್ಟರೆ ಇನ್ನೂ ಅಪಾಯ.

ಪೆಟ್ ಸ್ಕ್ಯಾನ್

ಪೆಟ್ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಬಳಸುವುದು ಫ್ಲೋರಿನ್-18 ಎಂಬ ದೀಪ ಹಚ್ಚಿದ ಗ್ಲೂಕೋಸಿನಂತಹ ಸಕ್ಕರೆ. ಇದನ್ನು ಮೊದಲ ಬಾರಿಗೆ ಮನುಷ್ಯನಿಗೆ ಕೊಟ್ಟದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಅನೇಕ ಬಗೆಯ ಕ್ಯಾನ್ಸರ್ ಕಣಗಳು ಸಕ್ಕರೆಯನ್ನು ಮಿತಿಮೀರಿ ಎಳೆದುಕೊಳ್ಳುವುದರಿಂದ ಅವು ಬೆಳಗುತ್ತವೆ. ಈ ಪರಮಾಣು ಕ್ಷಯಿಸಿದಾಗ ಎರಡು ಕಿರಣಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಹೊರಡುತ್ತವೆ. ರೋಗಿಯ ಸುತ್ತ ಬಳೆಯಂತಿರುವ ಯಂತ್ರ ಎರಡನ್ನೂ ಒಂದೇ ಕ್ಷಣದಲ್ಲಿ ಹಿಡಿದು, ಅವೆರಡರ ನಡುವಿನ ಗೆರೆಯ ಮೇಲೆ ಮೂಲವಿದೆ ಎಂದು ಗೊತ್ತುಮಾಡುತ್ತದೆ.

ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಸೈಕ್ಲೊಟ್ರಾನ್ ಯಂತ್ರದಲ್ಲಿ ತಯಾರಾದ ಇದು 3 ಗಂಟೆ 40 ನಿಮಿಷದಲ್ಲಿ ಕಾಲು ಭಾಗಕ್ಕಿಳಿಯುತ್ತದೆ. ರೋಗಿ ತಡವಾಗಿ ಬಂದರೆ ಅವನ ಹೆಸರಿನಲ್ಲಿ ತರಿಸಿದ ಔಷಧ ಸೀಸದ ಡಬ್ಬಿಯಲ್ಲಿಯೇ ಆರಿಹೋಗುತ್ತದೆ. ಈ ಪರೀಕ್ಷೆಗೆ ಹೊಟ್ಟೆ ಖಾಲಿಯಿರಬೇಕು. ಹಿಂದಿನ ದಿನ ಭಾರವಾದ ಕೆಲಸವೂ ಕೂಡದು. ಮರ ಹತ್ತಿ, ಮೂಟೆ ಹೊತ್ತು ದಣಿದ ಸ್ನಾಯುಗಳು ಸಕ್ಕರೆಯನ್ನು ತಾವೇ ಕಬಳಿಸಿ ಚಿತ್ರವನ್ನು ಗೊಂದಲಗೊಳಿಸುತ್ತವೆ.

ಬೆಳಗಿದ್ದೆಲ್ಲ ಕ್ಯಾನ್ಸರ್ ಅಲ್ಲ ಎಂಬುದನ್ನೂ ನೆನಪಿಡಬೇಕು. ಕೂಡಿಕೊಳ್ಳುತ್ತಿರುವ ಹಳೆಯ ಮುರಿತ, ಸಂಧಿವಾತ, ಕೀವು ಬೋನ್ ಸ್ಕ್ಯಾನಿನಲ್ಲಿ ಬೆಳಗುತ್ತವೆ. ಕ್ಷಯರೋಗದ ಗಂಟು ಪೆಟ್ ಸ್ಕ್ಯಾನಿನಲ್ಲಿ ಬೆಳಗುತ್ತದೆ. ಇಲ್ಲಿ ಕೆಲಸ ಜೋರಾಗಿ ನಡೆದಿದೆ ಎಂದಷ್ಟೇ ಚಿತ್ರ ಹೇಳುತ್ತದೆ. ಅದು ಯಾರ ಕೆಲಸ ಎಂಬುದನ್ನು ವೈದ್ಯರು ಬೇರೆ ಪರೀಕ್ಷೆಗಳೊಡನೆ ಹೋಲಿಸಿ ತೀರ್ಮಾನಿಸಬೇಕು. ವರದಿಯ ಹಾಳೆಯನ್ನು ದಾರಿಯಲ್ಲಿ ತಾವೇ ಓದಿ ಎದೆಗುಂದುವುದು ಸಲ್ಲದು.

ಅಪಾಯವೆಷ್ಟು?

ವಿಕಿರಣ ನಮಗೆ ಅಪರಿಚಿತವಲ್ಲ. ಮಣ್ಣು, ಬಂಡೆ, ಗಾಳಿ, ಆಕಾಶ, ಆಹಾರ ಇವುಗಳಿಂದ ಮನುಷ್ಯನಿಗೆ ಸಹಜವಾಗಿ ಬರುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರದಲ್ಲಿಯೂ, ನಮ್ಮ ಮೈಯಲ್ಲಿಯೂ ವಿಕಿರಣಶೀಲ ಪೊಟ್ಯಾಸಿಯಂ ತುಸು ಇದ್ದೇ ಇದೆ. ಒಂದು ಬೋನ್ ಸ್ಕ್ಯಾನಿನಿಂದ ಬರುವುದು ಸುಮಾರು 4 ಮಿಲಿಸೀವರ್ಟ್, ಅಂದರೆ ಎರಡು ವರ್ಷದ ಸಹಜ ವಿಕಿರಣಕ್ಕಿಂತ ಕಡಿಮೆ. ಸಿ.ಟಿ. ಸೇರಿದ ಪೆಟ್ ಸ್ಕ್ಯಾನಿನಲ್ಲಿ ಇದಕ್ಕಿಂತ ಹೆಚ್ಚು. ಅಪಾಯ ಏನೇನೂ ಇಲ್ಲವೆಂದು ಯಾರೂ ಹೇಳುವುದಿಲ್ಲ. ಆದುದರಿಂದಲೇ ಅಗತ್ಯವಿಲ್ಲದೆ ಮಾಡಿಸಬಾರದು. ಅಗತ್ಯವಿದ್ದಾಗ ಬಿಡಲೂಬಾರದು. ಪತ್ತೆಯಾಗದೆ ಉಳಿದ ರೋಗದ ಅಪಾಯ ಸಾಮಾನ್ಯವಾಗಿ ಇದಕ್ಕಿಂತ ಬಹಳ ದೊಡ್ಡದು.

ನಮ್ಮ ದೇಶದಲ್ಲಿ ಮುಂಬಯಿಯ ವಿಕಿರಣ ವೈದ್ಯ ಕೇಂದ್ರ 1963ರಿಂದ ಈ ಕೆಲಸ ನಡೆಸಿಕೊಂಡು ಬಂದಿದೆ. ಇಂತಹ ವಿಭಾಗಗಳ ಸುರಕ್ಷತೆಯನ್ನು 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನೋಡಿಕೊಳ್ಳುತ್ತದೆ. ನಮ್ಮ ಭಾಗದವರಿಗೆ ಮಂಗಳೂರು, ಮಣಿಪಾಲ, ಬೆಂಗಳೂರುಗಳಲ್ಲಿ ಈ ಸೌಲಭ್ಯವಿದೆ.

ಸದಸ್ಯರು ನೆನಪಿಡಬೇಕಾದ ಅಂಶಗಳು

1. ಗರ್ಭಿಣಿಯಾಗಿದ್ದರೆ, ಮುಟ್ಟು ತಡವಾಗಿದ್ದರೆ ಅಥವಾ ಮಗುವಿಗೆ ಹಾಲೂಡಿಸುತ್ತಿದ್ದರೆ ಚುಚ್ಚುಮದ್ದಿಗೆ ಮೊದಲೇ ಹೇಳಬೇಕು. ಸಂಕೋಚ ಸಲ್ಲದು.

2. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಥೈರಾಯ್ಡ್ ಸ್ಕ್ಯಾನಿಗೆ ಕೆಲವು ಮಾತ್ರೆ ನಿಲ್ಲಿಸಬೇಕಾಗಬಹುದು. ವೈದ್ಯರು ಹೇಳದೆ ತಾವಾಗಿ ನಿಲ್ಲಿಸಬೇಡಿ. ಇತ್ತೀಚೆಗೆ ಔಷಧ ಚುಚ್ಚಿ ಸಿ.ಟಿ. ಮಾಡಿಸಿದ್ದರೆ ಅದನ್ನೂ ತಿಳಿಸಿ. ಅದರಲ್ಲಿ ಅಯೋಡಿನ್ ಇರುತ್ತದೆ.

3. ಸಕ್ಕರೆ ಕಾಯಿಲೆಯವರು ಪೆಟ್ ಸ್ಕ್ಯಾನಿಗೆ ಮುನ್ನ ಊಟ, ಮಾತ್ರೆ, ಇನ್ಸುಲಿನ್ ವಿಷಯದಲ್ಲಿ ಕೇಳಿ ತಿಳಿದುಕೊಳ್ಳಬೇಕು.

4. ಕೊಟ್ಟ ಸಮಯಕ್ಕೆ ಸರಿಯಾಗಿ ಹಾಜರಿರಿ. ಮಳೆಗಾಲದಲ್ಲಿ ಘಾಟಿ ರಸ್ತೆಯನ್ನು ನಂಬಿ ಬೆಳಗಿನ ಬಸ್ಸು ಹಿಡಿಯುವ ಬದಲು ಹಿಂದಿನ ಸಂಜೆಯೇ ತಲಪುವುದು ಕ್ಷೇಮ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ, ಆ ಔಷಧ ಇನ್ನೊಬ್ಬರಿಗೆ ಉಪಯೋಗವಾದೀತು.

5. ಪರೀಕ್ಷೆಯ ನಂತರ, ನೀರಿನ ಮಿತಿಯಿಲ್ಲದವರು ಧಾರಾಳವಾಗಿ ನೀರು ಕುಡಿದು ಆಗಾಗ ಮೂತ್ರ ಮಾಡಬೇಕು. ಉಳಿದ ಔಷಧ ಬಹುಪಾಲು ಹೀಗೆಯೇ ಹೊರಹೋಗುತ್ತದೆ. ಶೌಚಾಲಯಕ್ಕೆ ಚೆನ್ನಾಗಿ ನೀರು ಹಾಕಿ, ಕೈ ತೊಳೆಯಿರಿ.

6. ಆ ದಿನ ಎಳೆಯ ಮಕ್ಕಳನ್ನು ತೊಡೆಯ ಮೇಲೆ ಹೆಚ್ಚು ಹೊತ್ತು ಕೂರಿಸಿಕೊಳ್ಳಬೇಡಿ, ಗರ್ಭಿಣಿಯರಿಂದ ತುಸು ದೂರವಿರಿ. ದೂರ ಎರಡರಷ್ಟಾದರೆ ವಿಕಿರಣ ಸುಮಾರು ನಾಲ್ಕರಲ್ಲಿ ಒಂದಕ್ಕಿಳಿಯುತ್ತದೆ. ಇದು ಅಂಟುರೋಗವಲ್ಲ. ಪ್ರತ್ಯೇಕ ತಟ್ಟೆ, ಹಾಸಿಗೆ ಬೇಕಿಲ್ಲ. ರೋಗ ಗುಣಪಡಿಸಲು ಹೆಚ್ಚು ಪ್ರಮಾಣದ ಅಯೋಡಿನ್-131 ಕೊಟ್ಟವರಿಗೆ ನಿಯಮಗಳು ಬೇರೆ. ಆಸ್ಪತ್ರೆಯವರು ಹೇಳಿದಷ್ಟು ದಿನ ಅವನ್ನು ತಪ್ಪದೆ ಪಾಲಿಸಬೇಕು.

7. ಯಶಸ್ವಿನಿ ಅಥವಾ ಬೇರೆ ವಿಮೆಯ ಕಾರ್ಡು ಇರುವವರು ಈ ಪರೀಕ್ಷೆ ಅದರಲ್ಲಿ ಸೇರಿದೆಯೇ ಎಂದು ದಿನ ಗೊತ್ತುಮಾಡುವಾಗಲೇ ವಿಚಾರಿಸಿಕೊಳ್ಳಿ.

ಚೀಟಿ ಬರೆದುಕೊಟ್ಟ ವೈದ್ಯರನ್ನು "ಈ ಸ್ಕ್ಯಾನಿನಿಂದ ನನಗೆ ಏನು ತಿಳಿಯಬೇಕಾಗಿದೆ? ಅದು ತಿಳಿದರೆ ಚಿಕಿತ್ಸೆ ಬದಲಾಗುತ್ತದೆಯೇ?" ಎಂದು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಬದಲಾಗುತ್ತದೆ ಎಂದು ಅವರು ಹೇಳಿದರೆ ಕೊಯ್ಲಿಗಾಗಿ ಕಾಯಬೇಡಿ. ಕೊಯ್ಲಿಗೆ ನೆರೆಹೊರೆಯವರು ಕೈಜೋಡಿಸಿಯಾರು. ಪರೀಕ್ಷೆಗೆ ಮಾತ್ರ ತಾವೇ ಹೋಗಬೇಕು.